ನಿಧಿಯೂ ವರ್ತಕನ ಧರ್ಮವೂ



ಹೊಲ ಉಳುವಾಗ, ತಳಪಾಯ ತೋಡುವಾಗ, ಹಳೆಯ ಗೋಡೆ ಕೆಡಹುವಾಗ ಹಿಂದಿನವರು ಹೂತಿಟ್ಟ ನಾಣ್ಯದ ಗಡಿಗೆ ಅಕಸ್ಮಾತ್ತಾಗಿ ದೊರೆಯುವುದುಂಟು. ಬ್ಯಾಂಕುಗಳಿಲ್ಲದ ಕಾಲದಲ್ಲಿ ನೆಲವೇ ವರ್ತಕನ ಭಂಡಾರವಾಗಿತ್ತು. ಯುದ್ಧದ ಭಯದಿಂದಲೋ ದೂರಪ್ರಯಾಣದ ನಿಮಿತ್ತದಿಂದಲೋ ಹೊನ್ನನ್ನು ಮಣ್ಣಿಗೆ ಒಪ್ಪಿಸಿ ಹೋದವನು ಮರಳಿ ಬಾರದಿದ್ದರೆ, ಅದು ಅಲ್ಲಿಯೇ ಉಳಿಯಿತು.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯು ವ್ಯಾಪಾರದ ಹಾದಿಗಳು ಕೂಡುವ ಸೀಮೆ. ಗುಂಡ್ಲುಪೇಟೆಯಿಂದ ಒಂದು ದಾರಿ ವಯನಾಡಿಗೆ, ಮತ್ತೊಂದು ನೀಲಗಿರಿಗೆ ಏರುತ್ತದೆ. ಚಾಮರಾಜನಗರಕ್ಕೆ ಕೊಂಗುನಾಡು ಸಮೀಪ. ಈ ನಾಡನ್ನಾಳಿದ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದ ಮೇಲೆ ತನ್ನ ಚಿನ್ನದ ನಾಣ್ಯಗಳ ಮೇಲೆ ‘ತಲಕಾಡುಗೊಂಡ’ ಎಂಬ ಬಿರುದನ್ನು ಕನ್ನಡ ಲಿಪಿಯಲ್ಲಿಯೇ ಹಾಕಿಸಿದನು. ಮುಂದೆ ವಿಜಯನಗರದ ವರಾಹಗಳೂ ವೀರರಾಯ ಹಣಗಳೂ ದಕ್ಷಿಣದ ಪೇಟೆಗಳಲ್ಲಿ ಚಲಾವಣೆಗೊಂಡವು.

ಒಂದು ನಿಧಿಯ ಬೆಲೆಯು ಅದರ ತೂಕದಲ್ಲಿ ಮಾತ್ರ ಇಲ್ಲ. ಯಾವ ನಾಣ್ಯದೊಡನೆ ಯಾವುದು ಇತ್ತು, ಎಷ್ಟು ಇದ್ದವು, ಎಂತಹ ಪಾತ್ರೆಯಲ್ಲಿ, ಯಾವ ಸ್ಥಳದಲ್ಲಿ ಎಂಬ ವಿವರಗಳಿಂದಲೇ ಹಿಂದಿನ ವ್ಯಾಪಾರದ ಲೆಕ್ಕ ತಿಳಿಯುತ್ತದೆ. ನಾಲ್ಕು ಕೈಗಳಿಗೆ ಹಂಚಿಹೋದ ನಿಧಿಯು ಹಾಳೆ ಹರಿದ ಖಾತೆಪುಸ್ತಕದಂತೆ. ಕುಲುಮೆಗೆ ಬಿದ್ದ ನಾಣ್ಯವು ಸುಟ್ಟುಹೋದ ಹಾಳೆಯಂತೆ.

2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ತಳಪಾಯ ಅಗೆಯುವಾಗ, ಅರ್ಧ ಕಿಲೋಗ್ರಾಮಿಗೆ ಸಮೀಪವಾದ ತೂಕದ ಚಿನ್ನದ ಒಡವೆಗಳಿದ್ದ ತಾಮ್ರದ ಪಾತ್ರೆ ದೊರೆಯಿತು. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಊರು ಅದು. ಹಿಂದೆ ಟಂಕಸಾಲೆಯಿದ್ದ ಊರು. ಆ ಮನೆಯವರು ಬಡವರಾಗಿದ್ದರೂ ದೊರೆತುದನ್ನು ಸರಕಾರಕ್ಕೆ ಒಪ್ಪಿಸಿದರು. ಅವರ ಪ್ರಾಮಾಣಿಕತೆಯನ್ನು ನಾಡೇ ಕೊಂಡಾಡಿತು.

ಕಾಯಿದೆಯು ಹೇಳುವುದೂ ಇದನ್ನೇ. ಕರ್ನಾಟಕದ 1962ರ ನಿಧಿ ಕಾಯಿದೆಯಂತೆ, ನೆಲದಲ್ಲಿ ದೊರೆತ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಕಾಯಿದೆಗಿಂತ ಬಹು ಹಿಂದೆಯೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುತ್ತ, ಹೂತಿಟ್ಟ ಮತ್ತು ಮರೆತುಹೋದ ಪರದ್ರವ್ಯವನ್ನೂ ಶ್ರಾವಕನು ಮುಟ್ಟಲಾಗದೆಂದು ವಿಧಿಸಿದ್ದಾರೆ. ಕದ್ದ ಮಾಲನ್ನು ಕೊಳ್ಳುವುದು ಈ ವ್ರತಕ್ಕೆ ಅತಿಚಾರವೆಂದು ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಆದುದರಿಂದ ಅಗೆದವನಿಗೆ ಮಾತ್ರವಲ್ಲ, ಸಂಜೆಗತ್ತಲಲ್ಲಿ ಮಣ್ಣು ಮೆತ್ತಿದ ನಾಣ್ಯಗಳನ್ನು ಯಾರಾದರೂ ತಂದು ಅಂಗಡಿಯ ಕಟ್ಟೆಯ ಮೇಲೆ ಸುರಿದಾಗ ತಕ್ಕಡಿ ಹಿಡಿದವನಿಗೂ ಇದು ಪರೀಕ್ಷೆಯೇ. ಅವನು ಕೊಳ್ಳದೆ ಬುದ್ಧಿಹೇಳಿ ಕಳುಹಿಸಿದರೆ ಆ ನಿಧಿ ಉಳಿದೀತು.

ಅರಿಕುಠಾರವೆಂದು ಹೆಸರಾಗಿದ್ದ ಇದೇ ಚಾಮರಾಜನಗರದಲ್ಲಿ, ವಿಷ್ಣುವರ್ಧನನ ದಂಡನಾಯಕ ಪುಣಿಸನು ಬಸದಿಯನ್ನು ಕಟ್ಟಿಸಿದನು. ಕೆಟ್ಟುಹೋದ ವರ್ತಕರಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗರಿಗೂ ಆತನು ನೆರವಾದನೆಂದು 1117ರ ಶಾಸನವು ಸಾರುತ್ತದೆ. ಆತನು ಕೊಟ್ಟ ಹೊನ್ನಿನ ಒಂದು ಕಾಸೂ ಇಂದು ಗುರುತಿಗೆ ಸಿಗದು. ಕೊಟ್ಟನೆಂಬ ಮಾತು ಮಾತ್ರ ಒಂಬತ್ತು ಶತಮಾನಗಳ ಮೇಲೂ ಕಲ್ಲಿನಲ್ಲಿ ನಿಂತಿದೆ. ಈ ಸೀಮೆಯ ನೆಲದಿಂದ ನಾಳೆ ಏನು ಹೊರಬಂದರೂ ಅದು ಮೊದಲು ಪುಣಿಸನ ಊರಿನ ಧರ್ಮಕ್ಕೆ ಒಪ್ಪುವ ಕೈಗಳನ್ನು ಸೇರಲಿ.

ಜೈನಂ ಜಯತು ಶಾಸನಂ.