ಅಂಜುವವರಿಗೆ ಎಂಥ ಇಳಕಲು?

ಸೈಕಲ್ ಕಲಿಸುವುದೆಂದರೆ ಸೈಕಲ್ಲಿನ ಹಿಂದೆ ಓಡುವುದು ಎಂದೇ ನಮ್ಮಲ್ಲಿ ಬಹುಜನರ ತಿಳಿವಳಿಕೆ. ಓಡಬೇಕಾಗುವುದು ನಿಜ. ಆದರೆ ಓಡುವುದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಕಲಿಯುವವರನ್ನು ಯಾವ ನೆಲದ ಮೇಲೆ, ಯಾವ ಇಳಕಲಿನ ನೆತ್ತಿಯಲ್ಲಿ ನಿಲ್ಲಿಸಬೇಕು ಎಂಬುದನ್ನು ನಿಶ್ಚಯಿಸುವ ಕೆಲಸ ಅದು. ಧೈರ್ಯವಂತರ ಮಾತು ಬೇರೆ. ಅವರು ಎಲ್ಲಿ ಬಿಟ್ಟರೂ ಕಲಿಯುತ್ತಾರೆ, ಮೊಣಕಾಲು ಕೆತ್ತಿಸಿಕೊಂಡು ಮರುದಿನ ಅದನ್ನೇ ಬಿರುದಿನಂತೆ ತೋರಿಸುತ್ತ ಓಣಿಯಲ್ಲಿ ತಿರುಗುತ್ತಾರೆ. ನಾನಿಂದು ಮಾತನಾಡಬೇಕೆಂದಿರುವುದು ಅಂಜುವವರನ್ನು ಕುರಿತು. ಹ್ಯಾಂಡಲ್ ಹಿಡಿದೊಡನೆ ಅಂಗೈ ಬೆವರುವವರನ್ನು ಕುರಿತು.

ಮೂವತ್ತು ವರ್ಷ ಕನ್ನಡ ಸಾಹಿತ್ಯ ಪಾಠ ಹೇಳಿದವನಿಗೆ ಈ ಗೊಡವೆ ಏಕೆಂದು ಕೇಳುಗರಲ್ಲಿ ಕೆಲವರಿಗೆ ಅನಿಸೀತು. ನಿವೃತ್ತನಾಗಿ ಹಾನಗಲ್ಲಿಗೆ ಬಂದು ನೆಲೆಸಿದ ಮೇಲೆ ಸಂಜೆಯ ಹೊತ್ತಿಗೆ ನನ್ನ ಪಾಲಿಗೆ ಬಂದ ಕೆಲಸ ಇದು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿತು. ಅದರ ಹಿಂದಿನ ಎಣಿಕೆ ಬಹಳ ಸರಳವಾದದ್ದು. ಹಳ್ಳಿಯ ಹುಡುಗಿ ಏಳನೆಯ ತರಗತಿಯವರೆಗೆ ಊರ ಸಾಲೆಯಲ್ಲಿ ಓದುತ್ತಾಳೆ. ಹೈಸ್ಕೂಲು ಮೂರೋ ನಾಲ್ಕೋ ಕಿಲೋಮೀಟರು ಆಚೆಗೆ. ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಸೈಕಲ್ ಆ ದೂರವನ್ನು ಕಾಲು ತಾಸಿನ ದಾರಿಯನ್ನಾಗಿ ಮಾಡುತ್ತದೆ. ಆದರೆ ಅದನ್ನು ತುಳಿಯಲು ಬರಬೇಕಲ್ಲ? ಸೈಕಲ್ ಮನೆಗೆ ಬರುತ್ತದೆ, ಅಂಗಳದಲ್ಲಿ ನಿಲ್ಲುತ್ತದೆ. ಹುಡುಗಿ ಒಂದು ಸಲ ಹತ್ತಿ, ಬಿದ್ದು, ಇನ್ನು ಒಲ್ಲೆನೆನ್ನುತ್ತಾಳೆ. ಎಂಟು ದಿನದಲ್ಲಿ ಅಣ್ಣನೋ ತಮ್ಮನೋ ಅದರ ಯಜಮಾನನಾಗುತ್ತಾನೆ. ಕ್ಯಾರಿಯರ್‌ಗೆ ಹಾಲಿನ ಕ್ಯಾನು ಜೋತುಬೀಳುತ್ತದೆ. ಹುಡುಗಿ ನಡೆದೇ ಹೋಗುತ್ತಾಳೆ. ನಡಿಗೆ ಬೇಸರವಾದ ವರ್ಷ ಮನೆಯವರು, "ಓದಿದ್ದು ಸಾಕು ಬಿಡವಾ" ಎನ್ನುತ್ತಾರೆ. ಇಂಥ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಚಾರಿಸುತ್ತ ಹೋದರೆ, ಮೊದಲ ದಿನ ಯಾರೋ ಉತ್ಸಾಹಿಗಳು ಅವಳನ್ನು ಕಡಿದಾದ ಜಾಗಕ್ಕೆ ಕರೆದೊಯ್ದು ಹಿಂದಿನಿಂದ ನೂಕಿದ್ದರೆಂಬುದು ತಿಳಿದುಬರುತ್ತದೆ.

ಶಬ್ದದ ಗೀಳು ಮೇಷ್ಟರನ್ನು ನಿವೃತ್ತಿಯ ಮೇಲೂ ಬಿಡುವುದಿಲ್ಲ. ಪುಸ್ತಕದ ಕನ್ನಡದಲ್ಲಿ ನಾವು ಬರೆಯುವುದು 'ಇಳಿಜಾರು' ಎಂದು. ಇಳಿಯುವುದೂ ಉಂಟು, ಜಾರುವುದೂ ಉಂಟು; ಅಂಜುವವರ ಭಯವೆಲ್ಲ ಆ ಸಮಾಸದ ಉತ್ತರಪದದಲ್ಲಿ ಕುಳಿತಿದೆ. ನಮ್ಮ ಕಡೆಯ ಆಡುಮಾತಿನಲ್ಲಿ ಅದು 'ಇಳಕಲು'. ಅದರಲ್ಲಿ ಇಳಿಯುವುದಷ್ಟೇ ಇದೆ, ಜಾರುವುದಿಲ್ಲ. ಅಂಜುವವರಿಗೆ ಬೇಕಾದದ್ದು ಇಳಕಲು, ಇಳಿಜಾರಲ್ಲ.

ಇಳಕಲಾದರೂ ಏಕೆ ಬೇಕು, ಸಮತಟ್ಟು ನೆಲ ಸಾಲದೆ ಎಂದರೆ, ಸಾಲದು. ಸಮನೆಲದಲ್ಲಿ ಕಲಿಯುವವರು ಪೆಡಲು ತುಳಿಯಬೇಕು, ತೋಲ ಹಿಡಿಯಬೇಕು, ಹ್ಯಾಂಡಲ್ ತಿರುಗಿಸಬೇಕು, ಮೂರೂ ಏಕಕಾಲಕ್ಕೆ. ಇಳಕಲಿನಲ್ಲಿ ಚಲನೆಯನ್ನು ಭೂಮಿಯೇ ಪುಕ್ಕಟೆಯಾಗಿ ಕೊಡುತ್ತದೆ. ಕಲಿಯುವವರ ಪಾಲಿಗೆ ಉಳಿಯುವುದು ತೋಲವೊಂದೇ. ಅಲ್ಲದೆ ತೀರ ನಿಧಾನವಾಗಿ ಹೋಗುವ ಸೈಕಲ್ ನಿಲ್ಲುವುದು ಕಷ್ಟ; ನಡಿಗೆಗಿಂತ ತುಸು ಹೆಚ್ಚಿನ ವೇಗ ಬಂದರೆ ಅದು ಸವಾರನಿಗೆ ಸಹಕರಿಸತೊಡಗುತ್ತದೆ. ಎಡಕ್ಕೆ ವಾಲಿದಾಗ ಮುಂದಿನ ಗಾಲಿ ತುಸುವೇ ಎಡಕ್ಕೆ ತಿರುಗಿದರೆ ಸೈಕಲ್ ಮತ್ತೆ ನೆಟ್ಟಗಾಗುತ್ತದೆ. ಸೈಕಲ್ ಸವಾರಿಯ ಗುಟ್ಟೆಲ್ಲ ಇಷ್ಟೇ. ಅಂಜಿದವರ ತೋಳು ಕೊರಡಾಗಿರುತ್ತದೆ, ಆ ಸಣ್ಣ ತಿರುವನ್ನು ಕೊಡಲಾರದು. ಜೊತೆಗೆ ಕಣ್ಣು ಯಾವ ಕಲ್ಲಿಗೆ ಅಂಜುತ್ತದೆಯೋ ಅದರಲ್ಲೇ ನೆಟ್ಟಿರುತ್ತದೆ, ಗಾಲಿಯೂ ಅತ್ತಲೇ ಹೋಗುತ್ತದೆ. ಆದ್ದರಿಂದ ತೋಳನ್ನು ಸಡಿಲಗೊಳಿಸುವಂಥ ನೆಲ ಬೇಕು. ಉಪದೇಶದಿಂದ ತೋಳು ಸಡಿಲವಾದದ್ದನ್ನು ನಾನು ನೋಡಿಲ್ಲ.

ಇಳಕಲಿನ ಪ್ರಮಾಣ ಎಷ್ಟಿರಬೇಕು? ನನ್ನ ಅನುಭವದ ಲೆಕ್ಕ ಹೀಗಿದೆ: ಮೂವತ್ತು ಮೊಳ ಮುಂದೆ ಹೋದರೆ ಒಂದು ಮೊಳ ಕೆಳಗೆ. ಉದ್ದ ಇಪ್ಪತ್ತು ಮೀಟರು, ಎಂದರೆ ಇಪ್ಪತ್ತೈದು ಮೂವತ್ತು ಹೆಜ್ಜೆ. ಇಷ್ಟರಲ್ಲಿ ನೆಲ ಇಳಿದದ್ದು ಒಂದೂವರೆ ಮೊಳ ಮಾತ್ರ. ಗಟ್ಟಿಮಣ್ಣಿನ ಮೇಲೆ ಬುಡ ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ ಏಳು ಕಿಲೋಮೀಟರಿನ ಆಸುಪಾಸು ಇರುತ್ತದೆ, ಬಿರುಸಾಗಿ ನಡೆಯುವ ಮನುಷ್ಯ ಜೊತೆಗೇ ಬರಬಹುದು. ಅದೇ ಉದ್ದಕ್ಕೆ ಹತ್ತರಲ್ಲೊಂದು ಇಳಿತವಿದ್ದರೆ ಬುಡದಲ್ಲಿ ವೇಗ ಇಪ್ಪತ್ತು ಕಿಲೋಮೀಟರು! ನೋಡುವ ಕಣ್ಣಿಗೆ ಎರಡೂ ಇಳಕಲುಗಳ ನಡುವೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ತೊಡಕು. ಆದ್ದರಿಂದ ಕಣ್ಣನ್ನು ನಂಬದೆ ಕಲಿಸುವವರು ತಾವೇ ಸೈಕಲ್ಲಿನ ಮೇಲೆ ಕುಳಿತು ಕಾಲೆತ್ತಿ ನೋಡಬೇಕು. ಸೈಕಲ್ ಒಲ್ಲದ ಮನಸ್ಸಿನಿಂದ ಎಂಬಂತೆ ಹೊರಡಬೇಕು. ಮನಸಾರೆ ಹೊರಟಿತೋ, ಆ ಜಾಗ ಬೇಡ.

ಇದಕ್ಕಿಂತ ಮುಖ್ಯವಾದದ್ದು ಇಳಕಲಿನ ಬುಡ. ನೆತ್ತಿಯಲ್ಲಿ ನಿಂತ ಹುಡುಗಿ ನೋಡುವುದು ಇಳಕಲನ್ನಲ್ಲ, ಅದು ಮುಗಿಯುವ ಕಡೆಯನ್ನು. ಅಲ್ಲಿ ಗೋಡೆ, ಗಟಾರ, ಕರೆಂಟಿನ ಕಂಬ, ಕಟ್ಟಿದ ಎಮ್ಮೆ ಇದ್ದರೆ ಅವಳ ಎದೆ ಅಲ್ಲೇ ನಿಲ್ಲುತ್ತದೆ. ಬುಡದಲ್ಲಿ ಅಗಲವಾದ ಸಮನೆಲವಿದ್ದು, ಅದರಾಚೆ ನೆಲ ತುಸುವೇ ಮೇಲಕ್ಕೇರಿದ್ದರೆ ಸೈಕಲ್ ತಾನಾಗಿಯೇ ನಿಲ್ಲುತ್ತದೆ. ಬ್ರೇಕಿನ ಹಂಗೇ ಇರುವುದಿಲ್ಲ. ತಾನು ಏನೂ ಮಾಡದಿದ್ದರೂ ಇದು ನಿಲ್ಲುತ್ತದೆ ಎಂಬ ಅರಿವು ಒಮ್ಮೆ ಮೈಗೆ ಬಂದರೆ ತೋಳು ತಾನೇ ಸಡಿಲವಾಗುತ್ತದೆ.

ಇಂಥ ಜಾಗ ನಮ್ಮ ನಾಲ್ಕು ತಾಲೂಕುಗಳಲ್ಲಿ ಎಲ್ಲೆಲ್ಲಿ ಸಿಕ್ಕೀತು? ಸವಣೂರಿನಿಂದ ಹೊರಡೋಣ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರು, ದೊಡ್ಡಹುಣಸೆ ಮರಗಳ ಊರು. ಅದರ ಸುತ್ತಿನ ಎರೆಹೊಲಗಳಲ್ಲಿ ಇಳಕಲು ಹುಡುಕುವುದೇ ಒಂದು ಕೆಲಸ. ಸಿಕ್ಕರೂ ಎರೆಮಣ್ಣಿನ ಗುಣ ಬಲ್ಲವರು ಜಾಗ್ರತೆಯಿಂದಿರುತ್ತಾರೆ. ಮಳೆಗಾಲದಲ್ಲಿ ಅದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲನ್ನು ನಿಂತಲ್ಲೇ ಹೂಳುತ್ತದೆ. ಬೇಸಗೆಯಲ್ಲಿ ಬಿರುಕು ಬಿಟ್ಟು ಮುಂದಿನ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಒಕ್ಕಲು ಮುಗಿದ ಕಣಗಳೇ ಒಳ್ಳೆಯವು. ಸಾರಿಸಿ ಬಡಿದು ಗಟ್ಟಿ ಮಾಡಿದ ನೆಲ. ಕಣದ ಅಂಚಿನಿಂದ ಹೊಲಕ್ಕೆ ಇಳಿಯುವಲ್ಲಿ ಅನೇಕ ಕಡೆ ನಮಗೆ ಬೇಕಾದಷ್ಟೇ ಓಟ ಇರುತ್ತದೆ.

ಹಿರೇಕೆರೂರಿನ ಕತೆ ಇದಕ್ಕೆ ತಿರುಗುಮುರುಗು. ಅಲ್ಲಿ ಮಸಾರಿ ನೆಲ, ದಿನ್ನೆಗಳು, ಮದಗ-ಮಾಸೂರಿನ ಕಡೆಯ ಗುಡ್ಡಗಳು; ಇಳಕಲುಗಳಿಗೆ ಬರವಿಲ್ಲ, ಹದವಾದವಕ್ಕೆ ಮಾತ್ರ ಬರ. ಮಸಾರಿ ನೆಲ ಗಟ್ಟಿಯಾಗಿದ್ದು ಅದರ ಮೇಲೆ ಗರಸು ಚೆಲ್ಲಿದ್ದರೆ ಜೋಳದ ಕಾಳು ಹರಡಿದಂತೆ, ತಿರುವಿನಲ್ಲಿ ಗಾಲಿ ಸರ್ರನೆ ಜರುಗುತ್ತದೆ. ಊರ ಹೆಸರಿನಲ್ಲೇ ಹಿರಿಯ ಕೆರೆ ಇರುವುದರಿಂದ ಕೆರೆಯ ಏರಿಯ ಮೇಲೆ ಕಲಿಸುವ ಆಸೆ ಅಲ್ಲಿನವರಿಗೆ ಸಹಜ. ನಮ್ಮ ಹಾನಗಲ್ಲಿನ ಆನೆಕೆರೆಯ ಬಳಿ ಇರುವವರಿಗೂ ಸಹಜ. ಏರಿಯ ಮೇಲಿನ ದಾರಿ ಸಮವಾಗಿರುತ್ತದೆ, ಗಾಳಿ ಹಿತವಾಗಿರುತ್ತದೆ. ಆದರೆ ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗು. ನುರಿತವರಿಗೆ ಅದು ವಿಹಾರ, ಅಂಜುವವರಿಗೆ ಹಗ್ಗದ ಮೇಲಿನ ನಡಿಗೆ. ಕಾಲುವೆಯ ದಂಡೆಗೂ ಇದೇ ಮಾತು.

ಶಿಗ್ಗಾವಿಯ ತೊಂದರೆ ಬೇರೆ ಬಗೆಯದು. ಪುಣೆ-ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹಾಯುತ್ತದೆ. ನುಣುಪಾದ ಡಾಂಬರು ಕೈಬೀಸಿ ಕರೆಯುತ್ತದೆ. ಲಾರಿಯ ಹಾರ್ನು ಒಮ್ಮೆ ಬೆನ್ನ ಹಿಂದೆ ಮೊಳಗಿದರೆ ಹದಿನೈದು ದಿನದ ಕಲಿಕೆ ನೀರಲ್ಲಿ ಹೋಮ. ಕನಕದಾಸರ ಬಾಡ, ಶರೀಫರ ಶಿಶುನಾಳ ಇರುವ ತಾಲೂಕು ಅದು. ಒಳದಾರಿಗಳಿಗೆ ಅಲ್ಲಿ ಕೊರತೆಯಿಲ್ಲ. ಒಳಗೆ ಹೋಗಬೇಕು. ಹಾನಗಲ್ಲಿನ ಕಡೆ ಗದ್ದೆಯ ಬದುಗಳ ಕಾಟ. ನಾನು ನೆಚ್ಚಿಕೊಂಡಿರುವುದು ಸಂತೆ ಇಲ್ಲದ ದಿನದ ಸಂತೆಯ ಬಯಲನ್ನು, ರಜೆಯ ದಿನದ ಸಾಲೆಯ ಮೈದಾನವನ್ನು. ಎಲ್ಲೇ ಆಗಲಿ, ಮೊದಲು ಒಂದು ಸುತ್ತು ನಡೆದು ಜಾಲಿಮುಳ್ಳು, ನೆಗ್ಗಿಲಮುಳ್ಳು ಆರಿಸುವುದು ಕಲಿಸುವವರ ಕರ್ತವ್ಯ. ಇನ್ನೊಂದು ಮುಳ್ಳೂ ಉಂಟು: ಕಟ್ಟೆಯ ಮೇಲೆ ಕುಳಿತ ಪಡ್ಡೆ ಹುಡುಗರ ನಗೆ. ನೆಲ ಎಷ್ಟೇ ಹದವಾಗಿದ್ದರೂ ಕಟ್ಟೆಗೆ ಎದುರಾದ ಇಳಕಲು ಹುಡುಗಿಯರಿಗೆ ಕಡಿದಾದದ್ದೇ. ಬೆಳಗಿನ ಆರು ಗಂಟೆಗೆ ಅದೇ ಇಳಕಲು ಮೆತ್ತಗಾಗುತ್ತದೆ.

ಈ ವಿಚಾರ ನಮ್ಮ ಕೆಂಪುಮಣ್ಣಿಗೇ ಸೀಮಿತವಾದದ್ದಲ್ಲವೆಂಬುದು ನನಗೆ ಒಂದು ಫೋನಿನಿಂದ ಮನದಟ್ಟಾಯಿತು. ಅಮೆರಿಕದ ಕೊಲೊರಾಡೊದಲ್ಲಿರುವ ನನ್ನ ಶಿಷ್ಯನೊಬ್ಬನ ಹೆಂಡತಿ ಹಿರೇಕೆರೂರು ತಾಲೂಕಿನವಳು. ಮಂಜನ್ನು ಕಣ್ಣಿಂದ ಕಂಡದ್ದೇ ಮೂವತ್ತನೆಯ ವಯಸ್ಸಿನಲ್ಲಿ. ಗೆಳೆಯರು ಅವಳನ್ನು ಸ್ಕೀ ಆಡಿಸಲು ಕರೆದೊಯ್ದು, ಲಿಫ್ಟಿನಲ್ಲಿ ಕೂರಿಸಿ, ಬೆಟ್ಟದ ಮೇಲೆ ಇಳಿಸಿದರಂತೆ. ಕೆಳಗೆ ನೋಡಿದ ಆಕೆ ಸ್ಕೀ ಹಲಗೆಗಳನ್ನು ಬಿಚ್ಚಿ ಬಗಲಿಗಿಟ್ಟುಕೊಂಡು ಕುಳಿತು ಕುಳಿತೇ ಇಳಿದು ಬಂದಳಂತೆ. ಮರುವರ್ಷ ಒಬ್ಬ ಶಿಕ್ಷಕಿ ಅವಳಿಗೆ ಕಲಿಸಿದ ಬಗೆಯನ್ನು ಕೇಳಿ ನನಗೆ ಸಂತೋಷವಾಯಿತು. ಲಿಫ್ಟನ್ನು ಹತ್ತಿಸಲೇ ಇಲ್ಲ. ಮೊದಲು ಸಮನೆಲದಲ್ಲಿ ಹಲಗೆ ಕಟ್ಟಿಕೊಂಡು ನಡೆಯುವುದು; ಆಮೇಲೆ ಹತ್ತು ಹೆಜ್ಜೆ ಓರೆಯಾಗಿ ಮೇಲೇರಿ, ಅಲ್ಲಿಂದ ಜಾರಿ, ಬುಡದ ಸಮನೆಲದಲ್ಲಿ ತಾನಾಗಿ ನಿಲ್ಲುವುದು. ಅನಂತರವೇ ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನವನ್ನು ಅಗಲಿಸಿ ವೇಗ ತಗ್ಗಿಸುವ ಪಾಠ.

ಆ ದೇಶದಲ್ಲಿ ಇಳಿಜಾರುಗಳಿಗೆ ಗುರುತು ಹಾಕಿರುತ್ತಾರೆ: ಸುಲಭವಾದದ್ದಕ್ಕೆ ಹಸಿರು ವೃತ್ತ, ಮಧ್ಯಮಕ್ಕೆ ನೀಲಿ ಚೌಕ, ಕಠಿಣಕ್ಕೆ ಕಪ್ಪು ವಜ್ರ. ಯುರೋಪಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಬಣ್ಣಗಳ ರೂಢಿ. ಹಸಿರು ಎಲ್ಲ ದೇಶಗಳಲ್ಲೂ ಇಲ್ಲ. ಒಂದು ಬೆಟ್ಟದ ನೀಲಿ ಇನ್ನೊಂದು ಬೆಟ್ಟದ ನೀಲಿಗೆ ಸಮವಲ್ಲವೆಂದೂ ಶಿಷ್ಯ ಹೇಳಿದ. ಅದೇ ಬೆಟ್ಟದ ಇತರ ಇಳಿಜಾರುಗಳಿಗೆ ಹೋಲಿಸಿ ಬಣ್ಣ ಕೊಡುವುದಂತೆ. ಬೆಳಿಗ್ಗೆ ಗಡಸಾಗಿ ಹೆಪ್ಪುಗಟ್ಟಿದ್ದ ಹಸಿರೇ ಮಧ್ಯಾಹ್ನಕ್ಕೆ ಮೆತ್ತಗಾಗಿ ಬೇರೆಯೇ ನೆಲವಾಗುತ್ತದೆ. ಫಲಕ ಓದಿ ಸುಮ್ಮನಾಗದೆ ಬುಡದಲ್ಲಿ ನಿಂತು ನೋಡಬೇಕಾದ್ದು ಅಲ್ಲಿಯೂ ತಪ್ಪಿದ್ದಲ್ಲ. ನಮ್ಮ ಗುಲ್ಮಾರ್ಗ್, ಔಲಿಗಳಿಗೆ ಹೋಗುವ ಕನ್ನಡಿಗರು ಈ ಮಾತನ್ನು ಗಂಟುಕಟ್ಟಿಕೊಂಡು ಹೋಗಬಹುದು.

ಪೆಡಲಿನ ವಿಷಯ ಹೇಳಬೇಕು. 1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ನಡೆಯಿಸಿ ತೋರಿಸಿದ ಎರಡು ಗಾಲಿಯ ಯಂತ್ರಕ್ಕೆ ಪೆಡಲು ಇರಲಿಲ್ಲ. ಸವಾರ ನೆಲವನ್ನು ಕಾಲಿನಿಂದ ಒದ್ದು ಓಡುತ್ತಿದ್ದ. ಮನುಷ್ಯಕುಲ ಎರಡು ಗಾಲಿಯ ಮೇಲೆ ತೋಲ ಹಿಡಿಯುವುದನ್ನು ಮೊದಲು ಕಲಿತು, ತುಳಿಯುವುದನ್ನು ಅನಂತರ ಕಲಿಯಿತು. ಆ ಕ್ರಮವೇ ಕ್ಷೇಮ. ಸೈಕಲ್ ಶಾಪಿನವರಿಂದ ಪಾನಾ ತಂದು ಎರಡೂ ಪೆಡಲುಗಳನ್ನು ಬಿಚ್ಚಿಬಿಡುತ್ತೇನೆ. ಎಡದ ಪೆಡಲಿನ ಮರೆ ಎಡಗೈಯದು, ಬಲದ್ದಕ್ಕೆ ವಿರುದ್ಧವಾಗಿ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ; ಇದನ್ನರಿಯದೆ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತದೆ. ಸೀಟನ್ನು ಎರಡೂ ಪಾದ ನೆಲಕ್ಕೆ ಊರುವಷ್ಟು ಇಳಿಸಬೇಕು. ನಾವೆಲ್ಲ ಹುಡುಗರಾಗಿದ್ದಾಗ ತಾಸಿಗಿಷ್ಟೆಂದು ಬಾಡಿಗೆ ಕೊಟ್ಟು ತಂದ ದೊಡ್ಡ ಸೈಕಲ್ಲಿನ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು. ಅದರ ವೈಭವವನ್ನು ನಾನು ಅಲ್ಲಗಳೆಯುವುದಿಲ್ಲ. ಅಂಜುವವರಿಗೆ ಅದು ಹೇಳಿದ್ದಲ್ಲ.

ನನ್ನ ತಂಗಿಯ ಮೊಮ್ಮಗಳಿಗೆ ಹದಿಮೂರು. ಇಂಥ ಇಳಕಲಿನ ನೆತ್ತಿಯಲ್ಲಿ ನಿಂತು, "ಅಜ್ಜಾ, ನೀ ಹಿಂದ ಹಿಡಕೊಂಡಿರ್ತಿ ಹೌದಿಲ್ಲೋ?" ಎಂದು ಕೇಳಿದಳು. ಸಾಮಾನ್ಯವಾಗಿ ಎಲ್ಲರೂ ಹೂಂ ಎಂದು ಹೇಳಿ, ನಡುದಾರಿಯಲ್ಲಿ ಕೈಬಿಟ್ಟು, ಆಮೇಲೆ ತಮ್ಮ ಜಾಣತನಕ್ಕೆ ತಾವೇ ನಗುತ್ತಾರೆ. ಧೈರ್ಯವಂತರಲ್ಲಿ ಈ ಉಪಾಯ ಫಲಿಸುತ್ತದೆ. ಅಂಜುವವರು ಹಿಂದಿರುಗಿ ನೋಡುತ್ತಾರೆ, ನೋಡಿದೊಡನೆ ಬೀಳುತ್ತಾರೆ. ಮೈಗೆ ಪೆಟ್ಟಾಗದಿದ್ದರೂ ಕಲಿಸುವವರ ಮಾತು ಅಂದಿಗೆ ಬಿದ್ದಂತೆ. ನಾನು, "ಇಲ್ಲವಾ, ಬಾಜೂಕ ನಡಕೋತ ಬರ್ತೀನಿ. ಹಿಡಿಯೂದಿಲ್ಲ. ಕಾಲು ನೆಲಕ್ಕ ಹತ್ತತಾವ ನೋಡಕೋ" ಎಂದೆ. ಅವಳು ಐದು ನಿಮಿಷ ಹಾಗೆಯೇ ನಿಂತಳು. ನಾನೂ ನಿಂತೆ. ಆ ಐದು ನಿಮಿಷವನ್ನು ಕಲಿಕೆಯ ಭಾಗವೆಂದೇ ಎಣಿಸಬೇಕು, ಅವಸರ ಮಾಡಬಾರದು. ಕೊನೆಗೆ ಪಾದಗಳನ್ನು ನೆಲಕ್ಕೆ ಸವರುತ್ತಲೇ ಇಳಿದಳು. ನಾಲ್ಕನೆಯ ಸಲ ಪಾದ ಅರ್ಧ ದಾರಿ ಮೇಲೆದ್ದಿತ್ತು. ಎಷ್ಟನೆಯ ಸಲ ಪೂರ್ತಿ ಎದ್ದಿತೆಂದು ನಾನು ಎಣಿಸಲಿಲ್ಲ. ಅವಳು ಎಣಿಸಿದ್ದಳು, ಹನ್ನೊಂದನೆಯ ಸಲವಂತೆ.

ಮೂರನೆಯ ದಿನ ಪೆಡಲು ಹಾಕಿದೆವು. ಬ್ರೇಕನ್ನು ಅದಕ್ಕೂ ಮೊದಲೇ ಕಲಿಸಬೇಕು, ಅದೂ ನಡೆಯುತ್ತ ಸೈಕಲನ್ನು ಪಕ್ಕದಲ್ಲಿ ತಳ್ಳಿಕೊಂಡು ಹೋಗುವಾಗ. ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೆಲ್ಲಗೆ. ಮುಂದಿನದೊಂದನ್ನೇ ಗಪ್ಪನೆ ಹಿಡಿಯಕೂಡದು. ಓಢಣಿಯನ್ನು ಸೊಂಟಕ್ಕೆ ಬಿಗಿಯುವುದನ್ನು ಮರೆಯಬಾರದು, ಚೈನಿಗೆ ಬಟ್ಟೆಯ ಮೇಲೆ ಬಲು ಮೋಹ.

ಸಾಲೆಯ ದಾರಿಯನ್ನು ಕಡೆಗೆ ಅವಳ ಜೊತೆ ನಾನೊಮ್ಮೆ ನಡೆದೇ ನೋಡಿದೆ. ಮುಂಜಾನೆ ಇಳಕಲಾಗಿದ್ದದ್ದು ಸಂಜೆ ಏರಾಗುತ್ತದೆ, ಏರು ಇಳಕಲಾಗುತ್ತದೆ. ಹಳ್ಳದ ಬಳಿ ಒಂದು ಕಡೆ ಮಾತ್ರ ಹತ್ತರಲ್ಲೊಂದರ ಇಳಿತವಿದೆ, ಬುಡದಲ್ಲಿ ಸೇತುವೆಯ ಕಟ್ಟೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗೆಂದು ಹೇಳಿದ್ದೇನೆ. "ಎಷ್ಟು ದಿವಸದ ಮಟಾ?" ಎಂದು ಕೇಳಿದಳು. ಅದನ್ನು ನೀನೇ ಹೇಳಬೇಕೆಂದೆ.