ಧಾವಿಸುವ ಹಿಮನದಿಗಳು
(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನದಿಯೆಂದರೆ ಹರಿಯುವ ನೀರೆಂದು ನಾವೆಲ್ಲ ಬಲ್ಲೆವು. ಆದರೆ ಎತ್ತರದ ಪರ್ವತಗಳಲ್ಲಿ ಮಂಜುಗಡ್ಡೆಯೂ ನದಿಯಾಗಿ ಹರಿಯುವುದುಂಟು. ವರ್ಷವರ್ಷವೂ ಬಿದ್ದ ಹಿಮವು ತನ್ನ ಭಾರದಿಂದಲೇ ಗಟ್ಟಿಯಾಗಿ, ಕಣಿವೆಯ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಕೆಳಗೆ ಸರಿಯುವುದು. ಇದೇ ಹಿಮನದಿ. ಪಕ್ಕದಲ್ಲಿ ನಿಂತವನ ಕಣ್ಣಿಗೆ ಅದು ಕದಲಿದಂತೆಯೇ ತೋರದು.

ಆದರೆ ಕೆಲವು ಹಿಮನದಿಗಳ ಸ್ವಭಾವವೇ ಬೇರೆ. ಅವು ದಶಕಗಳ ಕಾಲ ಸುಮ್ಮನಿದ್ದು, ಒಮ್ಮೆಗೇ ಮುನ್ನುಗ್ಗುತ್ತವೆ. ಜಗತ್ತಿನ ಹಿಮನದಿಗಳಲ್ಲಿ ಇಂಥವು ನೂರಕ್ಕೆ ಒಂದರಷ್ಟು ಮಾತ್ರ. ಹಿಮಾಲಯದ ವಾಯವ್ಯಕ್ಕಿರುವ ಕಾರಕೋರಂ ಪರ್ವತಗಳಲ್ಲಿ ಇವು ಹೆಚ್ಚು. ಅಲ್ಲಿನ ಕುಟಿಯಾ ಹಿಮನದಿಯು 1953ರಲ್ಲಿ ಮೂರೇ ತಿಂಗಳಲ್ಲಿ ಸುಮಾರು 12 ಕಿಲೋಮೀಟರು ಮುಂದೊತ್ತಿತು. ಇದಕ್ಕೆ ಕಾರಣವೇನು? ಮೇಲ್ಭಾಗದಲ್ಲಿ ಮಂಜು ವರ್ಷಗಟ್ಟಲೆ ಶೇಖರವಾಗಿ ದಪ್ಪವಾಗುವುದು. ತಳದಲ್ಲಿ ಕರಗಿದ ನೀರು ಹೊರಹೋಗಲು ದಾರಿಯಿಲ್ಲದೆ ಸಿಕ್ಕಿಕೊಂಡರೆ, ಅದರ ಒತ್ತಡದಿಂದ ನೆಲದ ಹಿಡಿತ ಸಡಿಲುವುದು. ಆಗ ಇಡೀ ರಾಶಿ ಜಾರತೊಡಗುವುದು.

ಇಂಥ ದುರ್ಗಮ ಸ್ಥಳಗಳಿಗೆ ಮತ್ತೆಮತ್ತೆ ಹೋಗಿ ಅಳೆಯುವುದು ಸುಲಭವಲ್ಲ. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವು ಮೇಲೇರಿದ ಬಳಿಕ, ಆಕಾಶದಿಂದಲೇ ಅವುಗಳ ಮೇಲೆ ಕಣ್ಣಿಡುವುದು ಸಾಧ್ಯವಾಯಿತು. ವಿಧಾನದ ತಿರುಳು ಸರಳವಾಗಿದೆ. ಬೇರೆಬೇರೆ ದಿನ ತೆಗೆದ ಒಂದೇ ಸ್ಥಳದ ಎರಡು ಚಿತ್ರಗಳಲ್ಲಿ, ಮಂಜಿನ ಮೇಲಿನ ಒಂದು ಬಿರುಕನ್ನು ಗುರುತಿಸಬೇಕು. ಚಿತ್ರದ ಒಂದು ಚೌಕದ ಅಗಲವು ನೆಲದ 10 ಮೀಟರಿಗೆ ಸಮವೆಂದೂ, 5 ದಿನಗಳಲ್ಲಿ ಆ ಬಿರುಕು 10 ಚೌಕ ಸರಿದಿದೆಯೆಂದೂ ಇಟ್ಟುಕೊಳ್ಳೋಣ. ಆಗ ಅದು ನಡೆದ ದೂರ 100 ಮೀಟರು; ವೇಗ ದಿನಕ್ಕೆ 20 ಮೀಟರು. ನೀವು ಕಲಿತ ಗುಣಾಕಾರ, ಭಾಗಾಕಾರಗಳೇ ಇಲ್ಲಿಯ ಆಧಾರ! ಮೋಡ ಕವಿದಾಗಲೂ ಕತ್ತಲಲ್ಲಿಯೂ ರೇಡಾರ್ ಉಪಗ್ರಹಗಳು ನೋಡಬಲ್ಲವು. ಭಾರತ ಮತ್ತು ಅಮೆರಿಕ ಕೂಡಿ ನಿರ್ಮಿಸಿದ ಅಂಥ ಉಪಗ್ರಹ ನಿಸಾರ್, 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಕಕ್ಷೆಗೇರಿತು.

ಇಷ್ಟು ಶ್ರಮವೇತಕ್ಕೆಂದು ಕೇಳಬಹುದು. ಕಾರಕೋರಂನ ಹುಂಜಾ ಕಣಿವೆಯಲ್ಲಿ ಶಿಸ್ಪರ್ ಎಂಬ ಹಿಮನದಿಯಿದೆ. 2018ರಲ್ಲಿ ಅದು ಮುನ್ನುಗ್ಗಿ, ನೆರೆಯ ಹಿಮನದಿಯಿಂದ ಬರುವ ತೊರೆಗೆ ಅಡ್ಡ ನಿಂತಿತು. ಮಂಜಿನ ಕಟ್ಟೆಯ ಹಿಂದೆ ಸರೋವರವೇ ನಿರ್ಮಾಣವಾಯಿತು. ಆ ನೀರು 2019ರಲ್ಲಿಯೂ 2020ರಲ್ಲಿಯೂ ಹೊರನುಗ್ಗಿತು. ಸರೋವರ ಮತ್ತೆ ತುಂಬಿ, 2022ರ ಮೇ 7ರಂದು ಬಂದ ಪ್ರವಾಹವು ಹಸನಾಬಾದಿನ ಹೆದ್ದಾರಿ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು, ಮನೆಗಳಿಗೂ ಹಾನಿಯಾಯಿತು.

ಉಪಗ್ರಹವು ಮಂಜನ್ನು ತಡೆಯಲಾರದು, ಸೇತುವೆಯನ್ನು ಕಾಯಲಾರದು. ಆದರೆ ಸರೋವರ ಎಷ್ಟು ಬೆಳೆದಿದೆಯೆಂದು ಅದು ತೋರಿಸಬಲ್ಲುದು. ಆ ಸುದ್ದಿ ಸಕಾಲದಲ್ಲಿ ಹಳ್ಳಿಗೆ ಮುಟ್ಟಿದರೆ, ತಾಯಿ ಮಕ್ಕಳನ್ನು ಕರೆದುಕೊಂಡು ಎತ್ತರದ ಜಾಗಕ್ಕೆ ಹೋಗಬಹುದು. ರೈತ ದನಕರುಗಳನ್ನು ಬಿಚ್ಚಿಬಿಡಬಹುದು. ಯಂತ್ರ ಕಳುಹಿಸುವುದು ಚಿತ್ರವನ್ನು ಮಾತ್ರ. ಎರಡು ಚಿತ್ರಗಳ ಭೇದವನ್ನು ತಾಳ್ಮೆಯಿಂದ ಕಂಡು, ಲೆಕ್ಕ ತಪ್ಪದೆ, ಹೊತ್ತು ಮೀರುವ ಮುನ್ನ ತಿಳಿಸುವವರು ಮನುಷ್ಯರೇ. ಅಂಥವರು ನಿಮ್ಮೊಳಗಿಂದಲೂ ಹೊರಡಲೆಂದು ನಾವು ಹಾರೈಸುತ್ತೇವೆ.