ತಕ್ಕಡಿಗೆ ಕಣ್ಣಿಲ್ಲ

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಈ ಮಾಲಿಕೆಗೆ ಬರೆಯುವ ಕಾಗದಗಳಲ್ಲಿ ಒಂದು ಅಳಲು ಮತ್ತೆ ಮತ್ತೆ ಬರುತ್ತಿದೆ. ದಿನಸಿ ಅಂಗಡಿಯಲ್ಲಿ, ಗ್ರಾಹಕರೇ ಸಾಮಾನಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಸೆಲ್ಫ್ ಚೆಕ್‌ಔಟ್ ಯಂತ್ರದ ಮುಂದೆ ನಿಂತಿದ್ದರಂತೆ. ಅದು ಏನೋ ಕೂಗಿತು, ಮೇಲೆ ಕೆಂಪು ದೀಪ ಹತ್ತಿತು, ಪಕ್ಕದವರೆಲ್ಲ ತಿರುಗಿ ನೋಡಿದರು. "ನಮ್ಮನ್ನು ಕಳ್ಳರು ಅಂದುಕೊಂಡರೇನೋ" ಎಂದು ಕೇಳುತ್ತಾರೆ. ಮರ್ಯಾದೆಯಿಂದ ಬಾಳಿದವರಿಗೆ ಆ ಗಳಿಗೆ ಎಷ್ಟು ಚುಚ್ಚುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ.

ಬಾರ್‌ಕೋಡಿನ ವಿಚಾರ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಯಂತ್ರ ಯಾಕೆ ಕೂಗುತ್ತದೆ, ಅದನ್ನು ಹೇಳುತ್ತೇನೆ. ತೂಕದ ಯಂತ್ರಗಳ ದುರಸ್ತಿಯಲ್ಲೇ ಬದುಕು ಸವೆಸಿದವನು ನಾನು. ಇದರ ಒಳಗು ನನಗೆ ಚೆನ್ನಾಗಿ ಗೊತ್ತು.

ಸ್ಕ್ಯಾನ್ ಮಾಡಿದ ಸಾಮಾನನ್ನು ಚೀಲಕ್ಕೆ ಇಡುವ ಜಾಗ ಇದೆಯಲ್ಲ, ಅದು ಬರೀ ಕಟ್ಟೆಯಲ್ಲ, ತಕ್ಕಡಿ. ಅದರಡಿಯಲ್ಲಿ ಲೋಡ್ ಸೆಲ್ ಎಂಬ ಲೋಹದ ತುಂಡಿದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಪಟ್ಟಿ ಹಿಗ್ಗಿ, ಅದರಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಚೂರು ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸವೇ ತೂಕ. ನಮ್ಮ ಬೀದಿಯ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿರುವುದೂ ಇದೇ.

ಈಗ ಸಕ್ಕರೆ ಪೊಟ್ಟಣ ಸ್ಕ್ಯಾನ್ ಮಾಡಿದಿರಿ ಅನ್ನಿ. ಅದರ ತೂಕ ಎಷ್ಟೆಂದು ಅಂಗಡಿಯ ಕಂಪ್ಯೂಟರಿನಲ್ಲಿ ಬರೆದಿದೆ. ಕಟ್ಟೆಯ ಮೇಲೆ ಅಷ್ಟು ಭಾರ ಏರಿದರೆ ಯಂತ್ರ ಸುಮ್ಮನಿರುತ್ತದೆ. ಹೆಚ್ಚು ಏರಿದರೆ ಕೂಗುತ್ತದೆ. ಕಡಿಮೆ ಏರಿದರೂ ಕೂಗುತ್ತದೆ. ನಿಮ್ಮ ಕೈಚೀಲ ಅಲ್ಲಿಟ್ಟಿರಾ, ಕೂಗುತ್ತದೆ. ಮೊಮ್ಮಗು ಕಟ್ಟೆಗೆ ಒರಗಿತಾ, ಕೂಗುತ್ತದೆ. ತುಂಬಿದ ಚೀಲವನ್ನು ಸರಿಮಾಡಲು ಎತ್ತಿದಿರಾ, ಆಗಲೂ ಕೂಗುತ್ತದೆ. ತಯಾರಕರು ಪೊಟ್ಟಣದ ತೂಕ ಬದಲಿಸಿ, ಅಂಗಡಿಯವರು ಕಂಪ್ಯೂಟರಿನಲ್ಲಿ ಅದನ್ನು ತಿದ್ದದೇ ಇದ್ದರೂ ಕೂಗುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ತೂಕ ತಾಳೆಯಾಗಲಿಲ್ಲ ಎಂಬುದಷ್ಟೇ ಆ ಕೂಗಿನ ಅರ್ಥ. ನಮ್ಮ ಬಣ್ಣ ನೋಡಿ, ಸೀರೆ ನೋಡಿ ಕೂಗುತ್ತದೆ ಎಂದು ಹೆದರಿಸುವವರಿದ್ದಾರೆ. ಇಂಥ ಮಾತು ಕೇಳಿದರೆ ನನಗೆ ಸಹನೆ ಉಳಿಯುವುದಿಲ್ಲ. ತಕ್ಕಡಿಗೆ ಕಣ್ಣಿಲ್ಲ. ಕ್ಯಾಮೆರಾಗಳಿರುವುದು ನಿಜ, ಆದರೆ ಆ ಕಟ್ಟೆಯಿಂದ ಬರುವ ಕೂಗು ತೂಕದ್ದು.

ಗಾಬರಿ ನಮ್ಮವರಿಗೆ ಮಾತ್ರ ಎಂದೂ ತಿಳಿಯಬೇಡಿ. ನನ್ನ ಮಗಳಿರುವ ಊರಿನ ಅಂಗಡಿಯೊಂದರಲ್ಲಿ, ದೀಪ ಹತ್ತಿದೊಡನೆ ಒಬ್ಬ ಮುದುಕರು ಸಾಮಾನನ್ನೆಲ್ಲ ಅಲ್ಲೇ ಬಿಟ್ಟು ಹೊರಟುಹೋದರು. ಅಲ್ಲೇ ಹುಟ್ಟಿ ಬೆಳೆದವರು. ನೋಡಿಕೊಳ್ಳುವ ಹುಡುಗಿ ಅಷ್ಟೂ ಯಂತ್ರಗಳಿಗೆ ಒಬ್ಬಳೇ, ಅವರ ಹತ್ತಿರ ಬರುವಷ್ಟರಲ್ಲಿ ಅವರಿರಲಿಲ್ಲ. ನನಗೆ ಆ ದಿನವೆಲ್ಲ ಬೇಸರವಾಗಿತ್ತು.

ಈ ಯಂತ್ರ ಹೊಸದೇನಲ್ಲ, 1986ರಲ್ಲೇ ಅಟ್ಲಾಂಟಾ ಬಳಿಯ ಕ್ರೋಗರ್ ಅಂಗಡಿಗೆ ಬಂದಿತ್ತು. ನಾಲ್ಕೇ ಸಾಮಾನು ಹಿಡಿದು ಬೇಗ ಹೋಗಬೇಕಾದವರಿಗೆ ಅದು ಇಷ್ಟ. ಬಂಡಿ ತುಂಬಿಸಿಕೊಂಡವರಿಗೆ, ಕೈ ನಡುಗುವವರಿಗೆ, ನಾಲ್ಕು ಮಾತಾಡಲು ಬಯಸುವವರಿಗೆ ಕಷ್ಟ. ಸಂಬಳವಿಲ್ಲದೆ ಅಂಗಡಿಯ ಕೆಲಸ ನಮ್ಮಿಂದ ಮಾಡಿಸುತ್ತಾರೆ ಎಂಬ ದೂರು ಆ ದೇಶಗಳಲ್ಲಿ ದೊಡ್ಡದಾಗಿಯೇ ಇದೆ, ಅದು ನ್ಯಾಯವಾದ ದೂರು ಎಂದೇ ನನ್ನ ಅಭಿಪ್ರಾಯ. ಅಂಗಡಿಗಳೂ ಅದನ್ನು ಕೇಳಿಸಿಕೊಳ್ಳುತ್ತಿವೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಎಂಬ ಸಂಸ್ಥೆ ತನ್ನ 28 ಅಂಗಡಿಗಳಲ್ಲಿ ಎರಡನ್ನು ಬಿಟ್ಟು ಉಳಿದೆಡೆ ಈ ಯಂತ್ರಗಳನ್ನು ತೆಗೆಯುವುದಾಗಿ 2023ರಲ್ಲಿ ಹೇಳಿತು. ನೆದರ್‌ಲೆಂಡ್ಸಿನ ಯುಂಬೋ ಸಂಸ್ಥೆಯ ಕೆಲವು ಅಂಗಡಿಗಳಲ್ಲಿ 2019ರಿಂದ, ಅವಸರವಿಲ್ಲದವರು ಹರಟುತ್ತ ಬಿಲ್ ಮಾಡಿಸಿಕೊಳ್ಳಲೆಂದೇ ಬೇರೆ ಕೌಂಟರ್ ಇದೆ.

ಇನ್ನು ನಾನು ನಿಜವಾಗಿ ಎಚ್ಚರಿಸಬೇಕಾದದ್ದು. ಯಂತ್ರ ಕೂಗಿದಾಗ ಹೆದರಬೇಡಿ, ಕೂಗದೇ ಇದ್ದಾಗ ನೋಡಿ. ಕೆಲವು ಅಂಗಡಿಗಳಲ್ಲಿ ಆ ತಕ್ಕಡಿಯನ್ನೇ ಆರಿಸಿಟ್ಟಿರುತ್ತಾರೆ. ಕೊತ್ತಂಬರಿ ಕಟ್ಟಿನಷ್ಟು ಹಗುರವಾದದ್ದು ಅದಕ್ಕೆ ತಿಳಿಯದೆಯೂ ಹೋಗಬಹುದು. ಬೀಪ್ ಬರಲಿಲ್ಲ, ಪರದೆಯಲ್ಲಿ ಹೆಸರು ಮೂಡಲಿಲ್ಲ, ಸಾಮಾನು ಮಾತ್ರ ಚೀಲ ಸೇರಿತು ಎಂದರೆ ಅದಕ್ಕೆ ನೀವು ದುಡ್ಡು ಕೊಟ್ಟಿಲ್ಲ. ವೀಸಾದ ಮೇಲೆ ಹೋದವರಿಗೆ ಕಳ್ಳತನದ ಆರೋಪ ಸಣ್ಣ ಸಂಗತಿಯಲ್ಲ, ಮುಂದಿನ ಸಲ ಒಳಗೆ ಬಿಡಲು ತಕರಾರಾಗಬಹುದು. ಒಂದೊಂದು ಸಾಮಾನಿಗೂ ಪರದೆ ನೋಡಿ. ಬಂಡಿಯ ಕೆಳ ಅಂತಸ್ತಿನ ಅಕ್ಕಿ ಮೂಟೆ ಮರೆಯುವುದು ಬಹಳ ಸುಲಭ. ದಯವಿಟ್ಟು ಬಗ್ಗಿ ನೋಡಿ, ಇಲ್ಲವೇ ಮಕ್ಕಳಿಗೆ ನೋಡಲು ಹೇಳಿ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆಯ ಚೀಲ ತಂದಿದ್ದರೆ ಮೊದಲೇ ಪರದೆಯಲ್ಲಿ ಅದರ ಗುಂಡಿ ಒತ್ತಿ, ಆಮೇಲೆ ಕಟ್ಟೆಯ ಮೇಲಿಡಿ. ಬಾಳೆಹಣ್ಣಿಗೆ ಬಾರ್‌ಕೋಡ್ ಇರುವುದಿಲ್ಲ. ಅಮೆರಿಕದಲ್ಲಿ ಅದರ ಚೀಟಿಯ ಮೇಲಿನ 4011 ಎಂಬ ಸಂಖ್ಯೆ ಒತ್ತಬೇಕು. ನೋಟು ಕೊಡುವವರು ಆ ಯಂತ್ರ ನೋಟು ತೆಗೆದುಕೊಳ್ಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ದೀಪ ಹತ್ತಿದರೆ ನಿಂತಲ್ಲೇ ನಿಂತಿರಿ, ಯಾರಾದರೂ ಬಂದು ತಮ್ಮ ಕಾರ್ಡು ತೋರಿಸಿ ಆರಿಸುತ್ತಾರೆ. ಮನುಷ್ಯರಿರುವ ಕೌಂಟರ್ ತೆರೆದಿದ್ದರೆ ಸಂಕೋಚಪಡದೆ ಆ ಸಾಲಿಗೇ ಹೋಗಿ. ರಸೀದಿಯನ್ನು ಮಾತ್ರ ಎಸೆಯಬೇಡಿ. ಕೆಲವು ಅಂಗಡಿಗಳಲ್ಲಿ ಅದನ್ನು ಬಾಗಿಲ ಬಳಿ ಸ್ಕ್ಯಾನ್ ಮಾಡದೆ ಗೇಟು ತೆರೆಯುವುದಿಲ್ಲ.